ಕಟ್ಟೆ ಮೇಲಿನ ಸೈನಿಕನಿಗೆ ಹೆಸರಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಊರಿನ ಚೌಕದಲ್ಲಿ ಕೋವಿ ಹಿಡಿದು ನಿಂತಿರುವ ಯುದ್ಧ ಸ್ಮಾರಕದ ಸೈನಿಕ ಇದ್ದಾನಲ್ಲ, ಕಲಾಕೃತಿ ಅಂತ ನೋಡಿದರೆ ಅವನು ಬಹಳ ಸಲ ತೀರಾ ಸಾಧಾರಣ. ಮುಖದಲ್ಲಿ ಅಂಥಾ ಭಾವ ಏನೂ ಇರುವುದಿಲ್ಲ. ಕೈ ಸ್ವಲ್ಪ ದಪ್ಪ, ಕತ್ತು ಸ್ವಲ್ಪ ಗಿಡ್ಡ. ಒಂದೂರಲ್ಲಿ ಅವನನ್ನು ನೋಡಿ ನೂರಾರು ಮೈಲಿ ಆಚೆ ಇನ್ನೊಂದೂರಿಗೆ ಹೋದರೆ ಅಲ್ಲೂ ಅವನೇ ನಿಂತಿರುತ್ತಾನೆ. ಅದೇ ಮೀಸೆ, ಅದೇ ಟೋಪಿ, ಅದೇ ನೋಟ. ಕಲೆ ಗೊತ್ತಿರುವವರು ಇವನನ್ನು ಕಂಡರೆ ಮೂಗು ಮುರಿಯುತ್ತಾರೆ. ನನಗೆ ಮಾತ್ರ ಕುದುರೆ ಏರಿದ ಸೇನಾಪತಿಗಳಿಗಿಂತ ಇವನ ಮೇಲೇ ಆಸಕ್ತಿ ಜಾಸ್ತಿ. ಸೇನಾಪತಿಗೆ ಹೆಸರಿದೆ, ಪುಸ್ತಕಗಳಿವೆ, ಅವನ ಕುದುರೆಯ ಕಾಲಿನ ಬಗ್ಗೆ ಕೂಡ ಜನ ಕಥೆ ಕಟ್ಟಿದ್ದಾರೆ. ಕುದುರೆ ಒಂದು ಕಾಲು ಎತ್ತಿದ್ದರೆ ಗಾಯವಾಗಿ ಆಮೇಲೆ ಸತ್ತ, ಎರಡೂ ಎತ್ತಿದ್ದರೆ ರಣರಂಗದಲ್ಲೇ ಸತ್ತ ಅಂತೆ. ಸುಮ್ನೆ ಬುರುಡೆ, ಶಿಲ್ಪಿಗಳಿಗೆ ಅಂಥ ನಿಯಮ ಯಾವತ್ತೂ ಇರಲಿಲ್ಲ. ಇರಲಿ. ಚೌಕದ ಸಿಪಾಯಿಗೆ ಇದ್ಯಾವುದೂ ಇಲ್ಲ. ಅವನು ಯಾರು ಅಂತ ಕೇಳಿದರೆ ಆ ಊರಿನವರೂ ಹೇಳಲಾರರು, ಯಾಕೆಂದರೆ ಅವನು ಯಾರೂ ಅಲ್ಲ. ಯಾರೂ ಅಲ್ಲದೇ ಇರುವುದೇ ಅವನ ಕೆಲಸ ಅನ್ನುವುದು ನನ್ನ ವಾದ.

ಇವನು ಬಂದಿದ್ದಾದರೂ ಎಲ್ಲಿಂದ? ಎಷ್ಟೋ ಊರುಗಳಿಗೆ ಇವನು ಬಂದಿದ್ದು ಕ್ಯಾಟಲಾಗ್‌ನಿಂದ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಅದಾದ ಮೇಲೆ ಉತ್ತರದಲ್ಲೂ ದಕ್ಷಿಣದಲ್ಲೂ ಸಣ್ಣ ಸಣ್ಣ ಊರುಗಳು ಚಂದಾ ಎತ್ತಿ ಸ್ಮಾರಕ ಕಟ್ಟಿಸಲು ಹೊರಟವು. ಊರಿನ ಕೈಯಲ್ಲಿರುವ ದುಡ್ಡಿಗೆ ದೊಡ್ಡ ಶಿಲ್ಪಿ ಸಿಗುವುದಿಲ್ಲ. ಅಲ್ಲಿ ಕಂಪನಿಗಳು ಒಳಗೆ ಬಂದವು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ ಅಂತ ಒಂದಿತ್ತು. ಅವರ ಮಾಲಿಗೆ 'ಬಿಳಿ ಕಂಚು' ಅಂತ ಹೆಸರಿಟ್ಟು ಮಾರುತ್ತಿದ್ದರು. ಅದರಲ್ಲಿ ಕಂಚು ಇರಲೇ ಇಲ್ಲ, ಅದು ಶುದ್ಧ ಸತು. ಆದರೆ ಅಗ್ಗ, ಹಗುರ, ಬೇಗ ತಯಾರಾಗುತ್ತದೆ. ಒಳಗೆ ಟೊಳ್ಳು. ಭಾಗ ಭಾಗವಾಗಿ ಅಚ್ಚು ಹೊಯ್ದು ಜೋಡಿಸಿಬಿಡುವುದು. ಕಟ್ಟೆಯ ಫಲಕಗಳನ್ನು ಸ್ಕ್ರೂ ಹಾಕಿ ಕೂರಿಸುತ್ತಿದ್ದರು, ಹಾಗಾಗಿ ಯಾವ ಊರು, ಯಾವ ಹೆಸರು, ಯಾವ ದಳ ಬೇಕೋ ಹಾಕಿಸಿಕೊಳ್ಳಬಹುದಿತ್ತು. ತಮಾಷೆ ಏನೆಂದರೆ ಪರಸ್ಪರ ಹೊಡೆದಾಡಿದ ಎರಡೂ ಕಡೆಗೆ ಹೆಚ್ಚುಕಮ್ಮಿ ಅದೇ ಸಿಪಾಯಿ ಹೋದ. ಉತ್ತರದವನಿಗೆ ಬೆಲ್ಟಿನ ಬಕಲ್ ಮೇಲೆ ಒಂದು ಜೋಡಿ ಅಕ್ಷರ, ದಕ್ಷಿಣದವನಿಗೆ ಇನ್ನೊಂದು ಜೋಡಿ. ಟೋಪಿ ಬೇಕಾದರೆ ಬದಲು. ಕಂಪನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ ನೋಡಿ.

ಈ ಸತುವಿನ ಪ್ರತಿಮೆಗಳ ಒಂದು ಗುಣ ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ. ಬಣ್ಣ ನೀಲಿ ಬೆರೆತ ಬೂದಿ. ಅಕ್ಷರಗಳ ಅಂಚು ನೂರು ವರ್ಷ ಕಳೆದರೂ ಚೂಪಾಗಿಯೇ ಇರುತ್ತದೆ, ಪಕ್ಕದಲ್ಲೇ ಇರುವ ಅಮೃತಶಿಲೆಯ ಅಕ್ಷರಗಳು ಮಳೆಗೆ ಸವೆದು ಓದಲು ಬರದಂತಾಗಿದ್ದರೂ. ಆದರೆ ಸತುವಿಗೆ ತನ್ನ ಭಾರವನ್ನೇ ವರ್ಷಗಟ್ಟಲೆ ಹೊತ್ತು ನಿಲ್ಲುವ ಶಕ್ತಿ ಕಮ್ಮಿ. ನಿಧಾನಕ್ಕೆ ಕುಸಿಯುತ್ತದೆ. ಕಟ್ಟೆಯ ಮೂಲೆ ಉಬ್ಬಿಕೊಳ್ಳುತ್ತದೆ, ಜೋಡಣೆಯ ಗೆರೆ ಬಿಟ್ಟುಕೊಳ್ಳುತ್ತದೆ, ಸಿಪಾಯಿ ಒಂದು ಕಡೆ ವಾಲುತ್ತಾನೆ.

ಈಗ ಅವನ ಭಂಗಿಗೆ ಬರೋಣ. ಅಮೆರಿಕದ ಅಂತರ್ಯುದ್ಧದ ಸಿಪಾಯಿ ಅಂದರೆ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಕೋವಿಯ ಬುಡ ನೆಲಕ್ಕೆ ಊರಿದೆ, ಎರಡೂ ಕೈ ನಳಿಗೆ ಹಿಡಿದಿವೆ, ಒಂದು ಕಾಲು ಸ್ವಲ್ಪ ಮುಂದೆ. ಪರೇಡಿನಲ್ಲಿ 'ವಿಶ್ರಾಮ್' ಅಂದಾಗ ನಿಲ್ಲುವ ರೀತಿ. ಇದಕ್ಕೆ ಜನ ದೊಡ್ಡ ದೊಡ್ಡ ಅರ್ಥ ಕೊಡುತ್ತಾರೆ, ಕಾವಲು, ಶಾಂತಿ, ಎಚ್ಚರ ಅಂತೆಲ್ಲ. ಅರ್ಥ ಇಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಕಲ್ಲು ಕೆತ್ತುವವನ ಕಷ್ಟವನ್ನೂ ಸ್ವಲ್ಪ ಯೋಚನೆ ಮಾಡಿ. ಕಲ್ಲಿನ ಮನುಷ್ಯನ ಇಡೀ ಭಾರ ಎರಡು ಸಣ್ಣ ಕಣಕಾಲಿನ ಮೇಲೆ ಬೀಳುತ್ತದೆ, ಅಲ್ಲೇ ಮುರಿಯುತ್ತದೆ. ಚಾಚಿದ ಕೈ ಮುರಿಯುತ್ತದೆ. ಹೊರಗೆ ಚಾಚಿದ ಕೋವಿಯಂತೂ ಮುರಿದೇ ಮುರಿಯುತ್ತದೆ. ಕೋವಿಯನ್ನು ಮೈಗೆ ಹತ್ತಿರ ತಂದು ಎರಡೂ ಕೈ ಅದರ ಮೇಲಿಟ್ಟರೆ ಎಲ್ಲವೂ ಒಂದೇ ಕಲ್ಲಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೊಣಕಾಲು ದಾಟಿದ ಓವರ್‌ಕೋಟ್ ಹಾಕಿಸಿದರೆ ಕಾಲಿಗೂ ಆಧಾರ. ಅದೂ ಸಾಲದಿದ್ದರೆ ಹಿಂದೆ ಒಂದು ಮರದ ಬೊಡ್ಡೆ. ಯಾವತ್ತಾದರೂ ಇಂಥ ಪ್ರತಿಮೆಯ ಹಿಂದೆ ಹೋಗಿ ನೋಡಿ, ಮುಂದಿನಿಂದ ಕಾಣದ ಹಾಗೆ ಕಾಲಿನ ಹಿಂದೆ ಒಂದು ಮೋಟು ಮರ ಇರುತ್ತದೆ. ಕಾಡಿನ ಯುದ್ಧ ನೆನಪಿಸಲು ಅಲ್ಲ ಅದು. ಸಿಪಾಯಿ ಬೀಳದೆ ಇರಲಿ ಅಂತ.

ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಮೊದಲ ಮಹಾಯುದ್ಧದ ಪ್ರತಿಮೆಗಳಲ್ಲಿ ಇನ್ನೊಂದು ಭಂಗಿ ಜಾಸ್ತಿ. ಕೋವಿ ತಲೆಕೆಳಗು, ನಳಿಗೆಯ ತುದಿ ಬೂಟಿನ ಹತ್ತಿರ, ಎರಡೂ ಕೈ ಮೇಲೆ ಬಂದ ಕೋವಿಯ ಬುಡದ ಮೇಲೆ, ತಲೆ ತಗ್ಗಿದೆ. ಸತ್ತವನ ಮುಂದೆ ಸೈನಿಕರು ನಿಲ್ಲುವ ರೀತಿ ಅದು. ಇಲ್ಲಿ ಸಿಪಾಯಿ ಸತ್ತವನಲ್ಲ, ಸತ್ತವರಿಗಾಗಿ ನಿಂತಿರುವವನು. ನನಗೆ ಎಲ್ಲಕ್ಕಿಂತ ಇಷ್ಟವಾದ ಭಂಗಿ ಇದೇ. ಯುದ್ಧ ಮಾಡುತ್ತಿರುವ ಹಾಗೆ ತೋರಿಸುವ ಪ್ರತಿಮೆಗಳು ನನಗೆ ಅಷ್ಟು ಹಿಡಿಸುವುದಿಲ್ಲ. ಅಮೆರಿಕದಲ್ಲಿ ಇ. ಎಂ. ವಿಕ್ವೆಸ್ನಿ ಅನ್ನುವ ಶಿಲ್ಪಿ ಮೊದಲ ಮಹಾಯುದ್ಧ ಮುಗಿದ ಮೇಲೆ ಒಂದು 'ಡೋಬಾಯ್' (ಅಮೆರಿಕದ ಕಾಲಾಳು ಸೈನಿಕನಿಗೆ ಆಗಿದ್ದ ಅಡ್ಡಹೆಸರು) ಪ್ರತಿಮೆ ಮಾಡಿದ, ಮುಳ್ಳುತಂತಿ ದಾಟಿ ಮುಂದೆ ಹೋಗುತ್ತಿರುವ, ಬಲಗೈಯಲ್ಲಿ ಗ್ರೆನೇಡ್ ಎತ್ತಿದ, ಎಡಗೈಯಲ್ಲಿ ಕೋವಿ ಹಿಡಿದ ಸೈನಿಕ. ತಾಮ್ರದ ತಗಡನ್ನು ಅಚ್ಚಿಗೆ ಒತ್ತಿ, ಹತ್ತಾರು ತುಂಡು ಬೆಸೆದು ಮಾಡಿದ್ದು. ಮೊದಲನೆಯದು 1921ರಲ್ಲಿ ಜಾರ್ಜಿಯಾದ ನ್ಯಾಶ್‌ವಿಲ್ ಅನ್ನುವ ಸಣ್ಣ ಊರಲ್ಲಿ ನಿಂತಿತು. ಅದರ ಪ್ರತಿಗಳು ಇವತ್ತಿಗೂ ನೂರಕ್ಕೂ ಹೆಚ್ಚು ಊರುಗಳಲ್ಲಿವೆ. ಅದೇ ಸಿಪಾಯಿಯನ್ನು ಮೇಜಿನ ಮೇಲಿಡುವ ಸಣ್ಣ ಗೊಂಬೆ ಮಾಡಿ, ದೀಪದ ಕಂಬ ಮಾಡಿ ಕೂಡ ಮಾರಿದ. ವ್ಯಾಪಾರ ಗೊತ್ತಿದ್ದ ಮನುಷ್ಯ.

ಸರಿ, ಸಿದ್ಧ ಮಾಲು ತಂದು ನಿಲ್ಲಿಸಿದರೆ ಊರಿನವರು ಸುಮ್ಮನೆ ಒಪ್ಪಿಕೊಂಡರಾ ಅಂದರೆ, ಬಹಳಷ್ಟು ಕಡೆ ಒಪ್ಪಿಕೊಂಡರು. ಮುಖ ಯಾರದ್ದೂ ಅಲ್ಲದ್ದರಿಂದ ಯಾರ ತಾಯಿ ಬೇಕಾದರೂ ಅದರಲ್ಲಿ ತನ್ನ ಮಗನನ್ನು ಕಾಣಬಹುದಿತ್ತು. ಗಲಾಟೆ ಆಗುತ್ತಿದ್ದುದು ಮುಖ ತಪ್ಪಿದಾಗ. ಇದಕ್ಕೆ ಜಾರ್ಜಿಯಾದ ಎಲ್ಬರ್ಟನ್ ಅನ್ನುವ ಊರಿನ ಕಥೆಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. 1898ರಲ್ಲಿ ಅಲ್ಲಿ ಸ್ಥಳೀಯ ಗ್ರಾನೈಟ್‌ನಲ್ಲೇ ದಕ್ಷಿಣದ ಸೈನಿಕನ ಪ್ರತಿಮೆ ಕೆತ್ತಿಸಿದರು. ಕೆತ್ತಿದವನು ಇಟಲಿಯಿಂದ ಬಂದ ಶಿಲ್ಪಿ. ಪರದೆ ಸರಿಸಿ ನೋಡಿದರೆ ಜನಕ್ಕೆ ಗಾಬರಿ. ಕುಳ್ಳ, ದಪ್ಪ, ಗಿಡ್ಡ ಕಾಲು, ಮೇಲಾಗಿ ಹಾಕಿದ್ದ ಕೋಟು ಶತ್ರುವಾದ ಉತ್ತರದವರ ಕೋಟಿನ ಹಾಗೇ ಕಾಣುತ್ತಿತ್ತು. 'ಡಚಿ' ಅಂತ ಅಡ್ಡಹೆಸರು ಬಿತ್ತು. ಎರಡು ವರ್ಷ ಸಹಿಸಿಕೊಂಡರು. 1900ರಲ್ಲಿ ಒಂದು ರಾತ್ರಿ ಹಗ್ಗ ಹಾಕಿ ಎಳೆದು ಕೆಡವಿದರು. ಕಾಲು ಮುರಿಯಿತು. ಅಲ್ಲೇ ಚೌಕದಲ್ಲಿ ಗುಂಡಿ ತೋಡಿ ಮುಖ ಕೆಳಗೆ ಮಾಡಿ ಹೂತುಬಿಟ್ಟರು! ಆಮೇಲೆ ಬೇರೆ ಸಿಪಾಯಿ ಬಂದ. 1982ರಲ್ಲಿ ಊರಿನವರೇ ಡಚಿಯನ್ನು ಅಗೆದು ತೆಗೆದರು. ಎಂಬತ್ತಕ್ಕೂ ಹೆಚ್ಚು ವರ್ಷದ ಕೆಮ್ಮಣ್ಣು ಮೆತ್ತಿಕೊಂಡಿತ್ತಲ್ಲ, ಕಾರು ತೊಳೆಯುವ ಜಾಗಕ್ಕೆ ಒಯ್ದು ತೊಳೆಸಿದರು. ಈಗ ಅವನು ಅದೇ ಊರಿನ ಗ್ರಾನೈಟ್ ಮ್ಯೂಸಿಯಂನಲ್ಲಿ ಅಂಗಾತ ಮಲಗಿದ್ದಾನೆ. ಎಲ್ಬರ್ಟನ್ ಈಗ ಗೋರಿಕಲ್ಲು, ಸ್ಮಾರಕದ ಕಲ್ಲುಗಳಿಗೇ ಹೆಸರಾದ ಊರು ಅನ್ನುವುದು ಮಜಾ.

ಫ್ರಾನ್ಸಿನಲ್ಲಿ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಅವರ ಸುಮಾರು 13ರಿಂದ 14 ಲಕ್ಷ ಸೈನಿಕರು ಸತ್ತರು. ಅಲ್ಲಿ ಕಮ್ಯೂನ್ ಅಂತ ಕರೆಯುವ ಊರಾಡಳಿತ ಘಟಕಗಳು ಸುಮಾರು 36,000. ಹೆಚ್ಚುಕಮ್ಮಿ ಪ್ರತಿಯೊಂದರಲ್ಲೂ ಸ್ಮಾರಕ ಇದೆ, ಬಹುಪಾಲು 1919ರಿಂದ 1925ರ ಒಳಗೆ ಕಟ್ಟಿದ್ದು. 1919ರ ಅಕ್ಟೋಬರ್‌ನಲ್ಲಿ ಬಂದ ಕಾನೂನಿನಿಂದ ಸರ್ಕಾರದ ಸಹಾಯಧನವೂ ಸಿಗುತ್ತಿತ್ತು. ಬಡ ಊರುಗಳು ಸುಮ್ಮನೆ ಒಂದು ಕಲ್ಲಿನ ಸ್ತಂಭ ನಿಲ್ಲಿಸಿದವು, ಕೈಲಾದವರು ಸೈನಿಕನನ್ನು ತರಿಸಿದರು. ಯೂಜೀನ್ ಬೆನೆ ಅನ್ನುವ ಶಿಲ್ಪಿ ಮಾಡಿದ ಗೆದ್ದ ಸೈನಿಕನ ಮಾದರಿಯೊಂದನ್ನು ಡ್ಯುರೆನ್ ಅನ್ನುವ ಎರಕದ ಕಾರ್ಖಾನೆ ತನ್ನ ಕ್ಯಾಟಲಾಗ್‌ನಲ್ಲಿ ಹಾಕಿತ್ತು. ಸುಮಾರು 900 ಊರುಗಳಲ್ಲಿ ಅವನೇ ನಿಂತಿದ್ದಾನೆ. ಕಂಚಿನದು ದುಬಾರಿ, ಹಾಗಾಗಿ ಎರಕದ ಕಬ್ಬಿಣದಲ್ಲೂ ಸಿಗುತ್ತಿದ್ದ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲು ಬಣ್ಣ ಬಳಿಯಬೇಕಲ್ಲ, ಹೇಗೂ ಬಳಿಯುತ್ತೇವೆ ಅಂತ ಕೆಲವು ಊರಿನವರು ಕೋಟಿಗೆ ತಿಳಿ ನೀಲಿ, ಕೆನ್ನೆಗೆ ಗುಲಾಬಿ, ಮೀಸೆಗೆ ಕಂದು ಬಳಿದುಬಿಟ್ಟರು. ಫ್ರೆಂಚ್ ಸೈನಿಕರ ಆಗಿನ ಸಮವಸ್ತ್ರದ ಬಣ್ಣ ಆ ನೀಲಿಯೇ. ಇದನ್ನು ನೋಡಿ ನಗುವವರಿದ್ದಾರೆ. ನನಗಂತೂ ಹಸಿರು ಪಾಚಿ ಬಣ್ಣಕ್ಕೆ ತಿರುಗಿದ ಗಂಭೀರ ಕಂಚಿಗಿಂತ ಈ ಜಾತ್ರೆ ಬೊಂಬೆಯಂಥ ಸಿಪಾಯಿಯೇ ಹತ್ತಿರದವನು ಅನಿಸುತ್ತದೆ.

ಎಲ್ಲ ಊರೂ ಗೆಲುವನ್ನು ಆಚರಿಸಲಿಲ್ಲ. ಫ್ರಾನ್ಸಿನ ಕ್ರೂಸ್ ಪ್ರದೇಶದ ಜಾಂತ್ಯೂ ಅನ್ನುವ ಹಳ್ಳಿ 1922ರಲ್ಲಿ ನಿಲ್ಲಿಸಿದ್ದು ಸೈನಿಕನನ್ನಲ್ಲ, ಒಬ್ಬ ಅನಾಥ ಹುಡುಗನನ್ನು. ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈ ಮುಷ್ಟಿ ಬಿಗಿದು ಹೆಸರುಗಳ ಕಡೆಗೆ ಚಾಚಿದ್ದಾನೆ. ಕೆಳಗೆ 'ಯುದ್ಧಕ್ಕೆ ಧಿಕ್ಕಾರ' ಅನ್ನುವ ಅರ್ಥದ ಒಂದು ಸಾಲು. ಸೇನೆಯವರಿಗೆ ಅದು ಹೇಗೆ ಇಷ್ಟವಾದೀತು ಹೇಳಿ.

ಇಷ್ಟೊಂದು ಊರುಗಳಿಗೆ ಇಷ್ಟೊಂದು ಅವಸರ ಯಾಕಿತ್ತು ಅನ್ನುವ ಪ್ರಶ್ನೆಗೆ ಉತ್ತರ ಹೆಣದಲ್ಲಿದೆ. ಸ್ವಲ್ಪ ಒರಟಾಗಿ ಹೇಳಿದೆ, ಆದರೆ ವಿಷಯ ಅದೇ. ಬ್ರಿಟಿಷ್ ಸೇನೆ 1915ರಲ್ಲೇ ಸತ್ತವರ ದೇಹ ಮನೆಗೆ ತರುವುದನ್ನು ನಿಲ್ಲಿಸಿತು, ಯುದ್ಧ ಮುಗಿದ ಮೇಲೂ ಅದೇ ನಿಯಮ ಉಳಿಯಿತು. ದುಡ್ಡಿದ್ದವರು ಮಗನ ದೇಹ ತರಿಸಿಕೊಂಡು ಬಡವರು ತರಿಸಿಕೊಳ್ಳಲಾಗದಂತೆ ಆಗಬಾರದು, ಎಲ್ಲರೂ ಸತ್ತ ನೆಲದಲ್ಲೇ ಒಟ್ಟಿಗೆ ಇರಲಿ ಅನ್ನುವ ವಾದ. ನ್ಯಾಯವಾದ ವಾದವೇ. ಆದರೆ ಮನೆಯಲ್ಲಿ ಕೂತ ತಾಯಿಗೆ ಗೋರಿ ಇಲ್ಲ. ಎಷ್ಟೋ ಜನರ ದೇಹ ಸಿಗಲೇ ಇಲ್ಲ ಅನ್ನುವುದು ಬೇರೆ. ಆಸ್ಟ್ರೇಲಿಯಾದ ಕಥೆ ಕೇಳಿ. ಐವತ್ತು ಲಕ್ಷವೂ ಇಲ್ಲದ ಜನಸಂಖ್ಯೆಯಲ್ಲಿ ಸುಮಾರು 60,000 ಮಂದಿ ಆ ಯುದ್ಧದಲ್ಲಿ ಸತ್ತರು. ಆಗ ದೇಹ ಊರಿಗೆ ಮರಳಿದ್ದು ಒಬ್ಬರದ್ದು ಮಾತ್ರ, ಮೇಜರ್ ಜನರಲ್ ವಿಲಿಯಂ ಬ್ರಿಡ್ಜಸ್ ಅವರದ್ದು. ಜನರಲ್ ಬಂದರು, ಸಿಪಾಯಿಗಳು ಬರಲಿಲ್ಲ. ಗುರುತು ಸಿಗದ ಒಬ್ಬ ಸೈನಿಕನ ದೇಹವನ್ನು ತಂದು ಕ್ಯಾನ್‌ಬೆರಾದಲ್ಲಿ ಮಣ್ಣು ಮಾಡಿದ್ದು 1993ರಲ್ಲಿ. ಅಷ್ಟು ದೂರದ ಹಳ್ಳಿಯಿಂದ ಹಡಗು ಹತ್ತಿ ಫ್ರಾನ್ಸಿಗೆ ಹೋಗಿ ಮಗನ ಗೋರಿ ನೋಡುವುದು ಯಾರ ಕೈಲಾಗುತ್ತಿತ್ತು? ಆ ಜಾಗವನ್ನೇ ಚೌಕದ ಕಟ್ಟೆ ತುಂಬಿತು. ಹೂವು ಇಡುವುದಕ್ಕೆ ಒಂದು ಜಾಗ. ಕ್ಯಾಟಲಾಗ್ ಸಿಪಾಯಿ ಬಂದು ನಿಂತಿದ್ದು ಬಾರದ ಹೆಣದ ಬದಲಿಗೆ. ಅವನ ಮೂಗು ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವ ಮನಸ್ಥಿತಿಯಲ್ಲಿ ಯಾರೂ ಇದ್ದಿರಲಿಕ್ಕಿಲ್ಲ.

ಆಗಲೂ ಜಗಳ ಇತ್ತು ಅನ್ನಿ. ಪ್ರತಿಮೆಗೆ ಹಾಕುವ ದುಡ್ಡಲ್ಲಿ ಆಸ್ಪತ್ರೆ ಕಟ್ಟಿಸಬಾರದಾ, ಸಭಾಭವನ ಕಟ್ಟಿಸಬಾರದಾ, ವಿಧವೆಯರಿಗೆ ಕೊಡಬಾರದಾ ಅಂತ. ಎಷ್ಟೋ ಕಡೆ ಹಾಗೂ ಆಯಿತು. ಎರಡನೇ ಮಹಾಯುದ್ಧ ಆದ ಮೇಲಂತೂ ಹೊಸ ಸಿಪಾಯಿಗಳು ಬಂದಿದ್ದು ಕಮ್ಮಿ, ಹಳೆ ಕಟ್ಟೆಯ ಕೆಳಗಿನ ಮೆಟ್ಟಿಲಿಗೇ ಹೊಸ ಹೆಸರುಗಳನ್ನು ಸೇರಿಸಿದರು.

ಹೆಸರು ಅಂದೆನಲ್ಲ, ನಾನು ಸಮಯ ಕಳೆಯುವುದು ಅಲ್ಲಿ. ಮೇಲೆ ನೋಡಿ ಫೋಟೋ ತೆಗೆದುಕೊಂಡು ಹೋಗುವವರಿಗೆ ನಾನು ಹೇಳುವುದಿಷ್ಟೇ, ಮೊದಲು ಕೆಳಗೆ ಓದಿ. ಒಂದೇ ಮನೆತನದ ಹೆಸರು ಎಷ್ಟು ಸಲ ಬಂದಿದೆ ನೋಡಿ. ಮೂರು ಸಲ ಬಂದಿದ್ದರೆ ಅಣ್ಣತಮ್ಮಂದಿರೋ ದಾಯಾದಿಗಳೋ ಇರಬೇಕು. ಸಾಲು ಹೇಗಿದೆ ನೋಡಿ. ಅಕ್ಷರಮಾಲೆಯ ಕ್ರಮದಲ್ಲಿದ್ದರೆ ಅಧಿಕಾರಿ, ಸಿಪಾಯಿ ಎಲ್ಲರೂ ಒಂದೇ ಅಂತ ಊರು ತೀರ್ಮಾನ ಮಾಡಿದೆ ಅಂತ ಲೆಕ್ಕ. ಹುದ್ದೆಯ ಕ್ರಮದಲ್ಲಿದ್ದರೆ ಸತ್ತ ಮೇಲೂ ಸಾಹೇಬರು ಮೊದಲು. ಕ್ರಮ ತಪ್ಪಿ ಕೊನೆಯಲ್ಲಿ, ಸ್ವಲ್ಪ ಬೇರೆ ಉಳಿಯ ಅಕ್ಷರದಲ್ಲಿ, ಇಕ್ಕಟ್ಟಿನಲ್ಲಿ ಒಂದೆರಡು ಹೆಸರು ಇದ್ದರೆ ಅದು ಆಮೇಲೆ ಸೇರಿಸಿದ್ದು. ಗಾಯದಿಂದ ನರಳಿ ತಡವಾಗಿ ಸತ್ತವನಿರಬಹುದು, ಮನೆಯವರು ಬಂದು ಕೇಳಿಕೊಂಡಿರಬಹುದು, ಮೊದಲು ಯಾರೋ ಬೇಡ ಅಂದಿರಲೂಬಹುದು. ಆಸ್ಟ್ರೇಲಿಯಾದಲ್ಲಿ ಸತ್ತವರ ಜೊತೆ ಬದುಕಿ ಬಂದವರ ಹೆಸರನ್ನೂ ಬಹಳ ಕಡೆ ಹಾಕಿದ್ದಾರೆ. ಅಲ್ಲಿ ಕಡ್ಡಾಯ ಸೇನಾ ಸೇವೆ ಬೇಕೇ ಅಂತ 1916ರಲ್ಲಿ, 1917ರಲ್ಲಿ ಎರಡು ಸಲ ಜನಮತ ಕೇಳಿ ಎರಡೂ ಸಲ ಬೇಡ ಅಂತ ಬಂತು. ಹಾಗಾಗಿ ಆ ಸಾಗರದಾಚೆಗೆ ಹೋದವರೆಲ್ಲ ತಾವಾಗಿ ಹೋದವರು, ಆ ಪಟ್ಟಿಯಲ್ಲಿ ಇಲ್ಲದವನು ಯಾರು ಅಂತಲೂ ಊರಿಗೆ ಗೊತ್ತಾಗುತ್ತಿತ್ತು. ಸ್ವಲ್ಪ ಕ್ರೂರ ಪಟ್ಟಿಯೇ ಅದು, ಅಲ್ವಾ?

ಹೆಸರು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಫುಲ್‌ಸ್ಟೋ ಅನ್ನುವ ಹಳ್ಳಿ ಇದೆ. ಆ ಊರಿನ ಚಾರ್ಲ್ಸ್ ಕಿರ್ಮನ್ ಅನ್ನುವ ಸೈನಿಕನನ್ನು ಸೇನೆ ಬಿಟ್ಟು ಹೋದ ಆರೋಪದ ಮೇಲೆ 1917ರಲ್ಲಿ ಅವನ ಕಡೆಯವರೇ ಗುಂಡಿಟ್ಟು ಕೊಂದರು. ಮೊದಲು ಗಾಯಗೊಂಡು, ವಾಪಸ್ ಹೋಗಿ ಹೋರಾಡಿದವನು. ಯುದ್ಧ ಮುಗಿದು ಸ್ಮಾರಕದ ಮಾತು ಬಂದಾಗ ಅವನ ಹೆಸರು ಹಾಕುವ ಹಾಗಿಲ್ಲ ಅಂತಾಯಿತು. ಊರಿನವರು ಏನು ಮಾಡಿದರು ಗೊತ್ತಾ? ಅವನದ್ದು ಬೇಡವಾದರೆ ಯಾರದ್ದೂ ಬೇಡ ಅಂದರು. ಎಂಬತ್ತು ವರ್ಷಕ್ಕೂ ಜಾಸ್ತಿ ಕಾಲ ಆ ಹಳ್ಳಿಗೆ ಸ್ಮಾರಕವೇ ಇರಲಿಲ್ಲ. ಕೊನೆಗೆ 2005ರಲ್ಲಿ ಅವನ ಹೆಸರನ್ನೂ ಸೇರಿಸಿಯೇ ಫಲಕ ಹಾಕಿದರು. ಮರುವರ್ಷ, 2006ರಲ್ಲಿ, ಹಾಗೆ ಗುಂಡಿಗೆ ಬಲಿಯಾದ 306 ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕ್ಷಮೆ ಕೊಟ್ಟಿತು. ಪ್ರತಿಮೆ ಇಲ್ಲದ ಆ ಹಳ್ಳಿಯೇ ನನಗೆ ಎಲ್ಲ ಪ್ರತಿಮೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಕಡೆಗೆ ಬಂದರೆ ಸ್ವಲ್ಪ ಕಹಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋದ ಭಾರತದ ಸೈನಿಕರಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರನ್ನು ಕಳಿಸಿದ ಎಷ್ಟೋ ಹಳ್ಳಿಗಳಿಗೆ ಸರ್ಕಾರ ಒಂದು ಅಮೃತಶಿಲೆಯ ಫಲಕ ಕೊಟ್ಟಿತು. ಅದರಲ್ಲಿ ಬರೆದಿದ್ದು ಇಷ್ಟು: ಈ ಹಳ್ಳಿಯಿಂದ ಮಹಾಯುದ್ಧಕ್ಕೆ ಇಂತಿಷ್ಟು ಜನ ಹೋದರು, ಅವರಲ್ಲಿ ಇಂತಿಷ್ಟು ಜನ ಪ್ರಾಣ ಕೊಟ್ಟರು. ಮುಗಿಯಿತು. ಸಂಖ್ಯೆ ಮಾತ್ರ, ಹೆಸರಿಲ್ಲ. ಇರಾಕಿನ ಬಸ್ರಾದಲ್ಲಿ ಕಟ್ಟಿದ ದೊಡ್ಡ ಸ್ಮಾರಕದಲ್ಲೂ ಹಾಗೇ, ಬ್ರಿಟಿಷ್ ಸಿಪಾಯಿಗಳ ಹೆಸರು ಕೆತ್ತಿದರು, ಭಾರತದ ಅಧಿಕಾರಿಗಳ ಹೆಸರು ಕೆತ್ತಿದರು, ಭಾರತದ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ದಳದ ಕೆಳಗೆ ಒಂದು ಸಂಖ್ಯೆ ಮಾಡಿ ಮುಗಿಸಿದರು. ಎಲ್ಲರೂ ಸಮಾನ ಅಂತ ಹೇಳಿದವರೇ ಇದನ್ನು ಮಾಡಿದ್ದು. ಅನಾಮಧೇಯ ಪ್ರತಿಮೆ ಒಳ್ಳೆಯದು ಅಂತ ನಾನು ವಾದಿಸುತ್ತಿದ್ದೇನಲ್ಲ, ಅದು ಕೆಳಗೆ ಹೆಸರುಗಳಿದ್ದರೆ ಮಾತ್ರ. ಹೆಸರಿಲ್ಲದ ಫಲಕ ಲೆಕ್ಕದ ಪುಸ್ತಕ ಆಗುತ್ತದೆ.

ನಮ್ಮ ನೆಲದಲ್ಲಿ ಸಾವಿರ ವರ್ಷದ ಹಿಂದೆಯೇ ಇದನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದರು. ವೀರಗಲ್ಲುಗಳನ್ನು ನೋಡಿದ್ದೀರಲ್ಲ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಸತ್ತವನು ರಾಜನೇ ಆಗಬೇಕೆಂದಿಲ್ಲ. ದನ ಕದಿಯಲು ಬಂದವರನ್ನು ಅಡ್ಡಗಟ್ಟಿ ಸತ್ತವನಿಗೂ ಕಲ್ಲು ನಿಲ್ಲುತ್ತಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಲ್ಲೊಂದು ಕ್ರಿ.ಶ. 750ರ ಸುಮಾರಿನದು, ಅದರಲ್ಲಿ ಕಿತ್ತಯ್ಯ ಅನ್ನುವವನು ಹೋರಾಡಿ ಸತ್ತದ್ದು ಬರೆದಿದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದರೂ ಅವನು ಕಿತ್ತಯ್ಯನೇ. ಕ್ಯಾಟಲಾಗ್ ಸಿಪಾಯಿ ಇದರ ಮುಂದೆ ಸಪ್ಪೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದೇ ಊರಿನಿಂದ ಐವತ್ತು ಅರುವತ್ತು ಜನ ಸತ್ತಾಗ ಒಬ್ಬೊಬ್ಬರಿಗೂ ಕಲ್ಲು ಕಡೆಸಲು ಆಗುವುದಿಲ್ಲ. ಯಂತ್ರದ ಯುದ್ಧಕ್ಕೆ ಅಚ್ಚಿನ ಪ್ರತಿಮೆ.

ಇನ್ನೊಂದು ಮಾತು, ಕಟ್ಟೆಯ ಮೇಲಿನ ಇಸವಿಯನ್ನು ತಪ್ಪದೆ ನೋಡಿ. ಯುದ್ಧ ಯಾವಾಗ ಮುಗಿಯಿತು, ಪ್ರತಿಮೆ ಯಾವಾಗ ನಿಂತಿತು, ನಡುವೆ ಎಷ್ಟು ಅಂತರ? ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿ ಸೋತ ಅಮೆರಿಕದ ದಕ್ಷಿಣದಲ್ಲಿ ಸಿಪಾಯಿ ಪ್ರತಿಮೆಗಳ ದೊಡ್ಡ ಪಾಲು ನಿಂತಿದ್ದು ಯುದ್ಧ ಮುಗಿದು ನಾಲ್ಕೈದು ದಶಕ ಕಳೆದ ಮೇಲೆ, ಅದೂ ಸ್ಮಶಾನದಲ್ಲಲ್ಲ, ನ್ಯಾಯಾಲಯದ ಎದುರಿಗೆ. ಕಪ್ಪು ಜನರ ಮತದ ಹಕ್ಕನ್ನು ಕಿತ್ತುಕೊಂಡು, ಅವರನ್ನು ಬಿಳಿಯರಿಂದ ಬೇರೆ ಇಡುವ ಕಾನೂನುಗಳು ಗಟ್ಟಿಯಾಗುತ್ತಿದ್ದ ಕಾಲ ಅದು. ನ್ಯಾಯ ಕೇಳಲು ಬರುವ ಕಪ್ಪು ಮನುಷ್ಯ ಆ ಸಿಪಾಯಿಯನ್ನು ದಾಟಿಯೇ ಒಳಗೆ ಹೋಗಬೇಕು. ಅಂಥ ಕಡೆ ಪ್ರತಿಮೆ ಬರೀ ಶೋಕಕ್ಕೆ ನಿಂತಿದ್ದು ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ 1924ರಲ್ಲಿ ನಿಂತಿದ್ದ ಅಂಥವನನ್ನು 2017ರ ಆಗಸ್ಟ್‌ನಲ್ಲಿ ಪ್ರತಿಭಟನಕಾರರು ಕೊರಳಿಗೆ ಪಟ್ಟಿ ಹಾಕಿ ಎಳೆದರು. ನೆಲಕ್ಕೆ ಬಿದ್ದವನು ಕಾಲು ಮಡಚಿ, ತಲೆ ತಗ್ಗಿ, ನುಜ್ಜುಗುಜ್ಜಾದ. ಒಳಗೆ ಏನೂ ಇರಲಿಲ್ಲ. ಎಸ್ಟೋನಿಯಾದ ಟಾಲಿನ್‌ನಲ್ಲಿ ಇನ್ನೊಂದು ಥರ. 1947ರಲ್ಲಿ ನಿಂತ ಸೋವಿಯತ್ ಕಂಚಿನ ಸೈನಿಕ ಅಲ್ಲಿನ ರಷ್ಯನ್ ಮಾತಾಡುವವರಿಗೆ ನಾಜಿಗಳನ್ನು ಸೋಲಿಸಿದವನು, ಎಸ್ಟೋನಿಯನ್ನರಿಗೆ ತಮ್ಮ ದೇಶವನ್ನು ಹಿಡಿದು ಕೂತವನು. 2007ರ ಏಪ್ರಿಲ್‌ನಲ್ಲಿ ಅವನನ್ನು ಊರ ನಡುವಿನಿಂದ ಸೇನಾ ಸ್ಮಶಾನಕ್ಕೆ ಸಾಗಿಸಿದಾಗ ಗಲಭೆಯಾಗಿ ಒಬ್ಬ ಯುವಕ ಸತ್ತ. ತಲೆ ತಗ್ಗಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ ಪ್ರತಿಮೆ ಅದು, ನೋಡಲು ಯಾರಿಗೂ ಕೆಟ್ಟದ್ದು ಮಾಡುವವನಂತಿಲ್ಲ. ಮುಖದಲ್ಲಿ ಯಾರೂ ಇಲ್ಲದಿದ್ದಾಗ ಮಗನನ್ನು ಕಾಣಬಹುದಾದ ಹಾಗೆ ಶತ್ರುವನ್ನೂ ಕಾಣಬಹುದು.

ನೋಡಿಕೊಳ್ಳುವವರಿಗೆ ಒಂದೆರಡು ಮಾತು. ಉತ್ಸಾಹದಲ್ಲಿ ಹಾಳು ಮಾಡುವುದೇ ಜಾಸ್ತಿ. ಕಂಚಿನ ಪ್ರತಿಮೆಯನ್ನು ಪಳಪಳ ಹೊಳೆಸಬಾರದು, ಮೆತ್ತನೆ ಬ್ರಶ್, ಸೌಮ್ಯ ಸೋಪಿನ ನೀರು, ಒಣಗಿದ ಮೇಲೆ ಮೇಣದ ಲೇಪ, ಅಷ್ಟು ಸಾಕು. ಕಟ್ಟೆಯ ಕಲ್ಲಿನ ಮೇಲೆ ಇಳಿದಿರುವ ಹಸಿರು ಗೆರೆಗಳು ಮಳೆ ನೀರಿನ ಜೊತೆ ಇಳಿದ ತಾಮ್ರದ ಅಂಶ, ಆಸಿಡ್ ಹಾಕಿ ಉಜ್ಜಿದರೆ ಕಲೆಯ ಜೊತೆ ಅಕ್ಷರವೂ ಹೋಗುತ್ತದೆ. ಜೋರಾಗಿ ನೀರು ಚಿಮ್ಮಿಸುವ ಯಂತ್ರ, ಮರಳು ಹೊಡೆಯುವ ಯಂತ್ರ ಹತ್ತಿರಕ್ಕೂ ತರಬೇಡಿ. ಬಯೊನೆಟ್ ಮುರಿದಿದ್ದರೆ ಆಮೇಲೆ ಹಾಕಿಸಿದರಾಯಿತು, ಮೊದಲು ಹೆಸರುಗಳನ್ನು ಒಂದು ಬಿಡದೆ ಫೋಟೋ ತೆಗೆದು ಬರೆದಿಟ್ಟುಕೊಳ್ಳಿ.

ಆ ಹೆಸರುಗಳ ಲೆಕ್ಕ ಇನ್ನೂ ಮುಗಿದಿಲ್ಲ. ಕಾಮನ್‌ವೆಲ್ತ್ ದೇಶಗಳ ಸೈನಿಕರ ಗೋರಿಗಳನ್ನು ನೋಡಿಕೊಳ್ಳುವ ಆಯೋಗವೇ 2021ರಲ್ಲಿ ಒಂದು ವರದಿ ಹೊರತಂದು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಸತ್ತ, ಬಹುಪಾಲು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಕನಿಷ್ಠ 1,16,000 ಮಂದಿಯನ್ನು, ಲೆಕ್ಕ ಮೇಲೆ ಹೋದರೆ 3,50,000 ಮಂದಿಯವರೆಗೂ, ಹೆಸರಿನಿಂದ ನೆನೆದಿಲ್ಲ ಅಥವಾ ನೆನೆದೇ ಇಲ್ಲ ಅಂತ. ಆಮೇಲೆ ದಾಖಲೆ ಹುಡುಕುವ ಕೆಲಸ ಶುರುವಾಯಿತು. 2025ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಒಂದು ಹೊಸ ಸ್ಮಾರಕ ತೆರೆಯಿತು. ಯುದ್ಧದಲ್ಲಿ ಸಾಮಾನು ಹೊತ್ತು ಸತ್ತ 1,772 ಕಪ್ಪು ಕೂಲಿಯಾಳುಗಳಿಗೆ. ಅವರ ಕೈಗೆ ಕೋವಿ ಕೊಟ್ಟಿರಲಿಲ್ಲ, ಹಾಗಾಗಿ ಕೋವಿ ಹಿಡಿದ ಸಿಪಾಯಿಯನ್ನು ತಂದು ನಿಲ್ಲಿಸಿದ್ದರೆ ಅದು ಸುಳ್ಳಾಗುತ್ತಿತ್ತು. ತೋಟವೊಂದರಲ್ಲಿ ತಲಾ ಒಬ್ಬರಿಗೆ ಒಂದರಂತೆ ಮರದ ಗೂಟಗಳನ್ನು ನೆಟ್ಟಿದ್ದಾರೆ. ಪ್ರತಿ ಗೂಟಕ್ಕೂ ಒಂದು ಹೆಸರು, ಸತ್ತ ತಾರೀಕು.